ಹಟ್ಟಿಗೆ ಬಾ ಎಂದವರು

ಅಶರೀರವಾಣಿ, ಕರುಳಿನ ಕರೆ, ಮನಸ್ಸಿಗೆ ಮೊದಲೇ ತಿಳಿಯಿತು ಎಂಬಂಥ ಮಾತು ಶುರುವಾದರೆ ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುವ ಜಾತಿ ನನ್ನದು. ಹೇಳುವವರು ಸುಳ್ಳರೆಂದಲ್ಲ. ಹಗ್ಗವನ್ನು ಹಾವೆಂದು ಕೂಗಿಕೊಂಡವರಿಗೆ ಆಮೇಲೆ ಹಗ್ಗವೆಂದು ಒಪ್ಪಲು ಮನಸ್ಸು ಬರುವುದಿಲ್ಲ, ಅಷ್ಟೇ ಎಂದುಕೊಂಡಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ. ನೀವು ಕಾಫಿ ಮಾಡಲು ಎದ್ದರೂ ನನಗೆ ಬೇಸರವಿಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸತು. ಮೈಸೂರಿನ ಒಂದು ಮುದ್ರಣಾಲಯಕ್ಕೆ ನಾನು ಕರಡು ತಿದ್ದುತ್ತಿದ್ದೆ. ಕೊಂಬು, ಎತ್ವ, ಒತ್ತಕ್ಷರಗಳೇ ನನ್ನ ಅನ್ನ. ಈ ಕೆಲಸಕ್ಕೆ ಕಚೇರಿಗೆ ಯಾಕೆ ಬರಬೇಕು ಎಂದು ಒಂದು ದಿನ ಯಜಮಾನರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಬರಬೇಡಿ ಎಂದರು. ಊಟಿಯಾಚೆ ಇತ್ತಲಾರಿನಲ್ಲಿ ಒಂದು ಕೋಣೆ ಹಿಡಿದೆ. ಕರಡಿನ ಕಟ್ಟು ಮೈಸೂರು ಬಸ್ಸಿನಲ್ಲಿ ಊಟಿಗೆ ಬರುತ್ತಿತ್ತು, ತಿದ್ದಿದ್ದು ಅದೇ ಬಸ್ಸಿನಲ್ಲಿ ಹಿಂದಕ್ಕೆ ಹೋಗುತ್ತಿತ್ತು. ತುರ್ತಿಗೆ ಊಟಿಯ ಬ್ರೌಸಿಂಗ್ ಸೆಂಟರ್ ಇತ್ತು. ನನ್ನ ಬಂಧುಗಳೆಲ್ಲ ನನ್ನ ಕೆಲಸ ಹೋಗಿದೆ ಎಂದೇ ನಂಬಿದ್ದರು.

ಅಷ್ಟು ಸುಖದ ವರ್ಷ ನನಗೆ ಮತ್ತೆ ಸಿಕ್ಕಿಲ್ಲ. ಬೆಳಗ್ಗೆ ಕರಡು, ಮಧ್ಯಾಹ್ನದ ಮೇಲೆ ಹಕ್ಕಿ. ಕಂಡ ಹಕ್ಕಿಯನ್ನು ಜಲವರ್ಣದಲ್ಲಿ ಬರೆಯುವ ಹವ್ಯಾಸ ಹತ್ತಿಸಿಕೊಂಡಿದ್ದೆ. ಆ ಮಂಜಿನಲ್ಲಿ ಬಣ್ಣ ಒಣಗುತ್ತಲೇ ಇರಲಿಲ್ಲ; ಒಲೆಯ ಮೇಲೆ ಹಿಡಿಯಲು ಹೋಗಿ ಮೂರ್ನಾಲ್ಕು ಹಕ್ಕಿಗಳನ್ನು ಸುಟ್ಟಿದ್ದೇನೆ. ಕೆಲಸವಿಲ್ಲದಾಗ ಬಸ್ಸು ಹತ್ತಿ ಮಸಿನಗುಡಿಗೋ ಗೂಡಲೂರಿಗೋ ಹೋಗುತ್ತಿದ್ದೆ. ಗೂಡಲೂರಿನ ಹೋಟೆಲಿನಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವರು ಮಲಯಾಳದಲ್ಲಿ ಉತ್ತರಿಸುತ್ತಿದ್ದರು. ಹೇಗೋ ಪುಟ್ಟು ಮಾತ್ರ ತಪ್ಪದೆ ಬರುತ್ತಿತ್ತು.

ನನ್ನ ಕೋಣೆ ಗೌರಿಯ ಮನೆಯ ಪಕ್ಕದ್ದು. ಅವಳ ಗಂಡನಿಗೆ ಹತ್ತಿರದ ಎಮರಾಲ್ಡ್ ಜಲಾಶಯದ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಅವಳು ಮನೆಯ ಕೆಳಗಿನ ಚಹಾ ತೋಟ ನೋಡಿಕೊಳ್ಳುತ್ತಿದ್ದಳು. ಜೊತೆಗೆ ಅತ್ತೆ ಮಲ್ಲಮ್ಮಜ್ಜಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಉಂಡದ್ದು ಮರೆತು ಮತ್ತೆ ಉಣ್ಣಲು ಕೂರುವಷ್ಟು ಮರೆವು ಬಂದಿತ್ತು.

ಅವರಾಡುವ ಬಡಗ ಮಾತು ನನಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ತಿಳಿದಂತೆ ಮಾಡಿ ಮೋಸ ಮಾಡುತ್ತಿತ್ತು. ಅವರಿಗೆ ಹಟ್ಟಿ ಎಂದರೆ ಊರು. ಕುಂದಾಪುರದ ಕಡೆಯವಳಾದ ನನಗೆ ಹಟ್ಟಿ ಎಂದರೆ ದನದ ಕೊಟ್ಟಿಗೆ. ಬಂದ ಹೊಸತರಲ್ಲಿ ಅಜ್ಜಿ, ನಮ್ಮ ಹಟ್ಟಿ ಹೇಗಿದೆ ಎಂದು ಕೇಳಿದಾಗ ನಾನು, ಇನ್ನೂ ನೋಡಿಲ್ಲ, ಎಮ್ಮೆ ಎಷ್ಟಿವೆ ಎಂದುಬಿಟ್ಟೆ. ಅಜ್ಜಿ ನಕ್ಕು ನಕ್ಕು ಸುಸ್ತಾದರು. ಏನೆಲ್ಲ ಮರೆತರೂ ಅದೊಂದನ್ನು ಮರೆಯಲಿಲ್ಲ. ಕಂಡಾಗಲೆಲ್ಲ ಎಮ್ಮೆಗಳ ಕ್ಷೇಮ ವಿಚಾರಿಸುತ್ತಿದ್ದರು.

ಆ ದಿನ ಮಧ್ಯಾಹ್ನ ಹಕ್ಕಿ ನೋಡಲು ಗುಡ್ಡ ಹತ್ತಿದ್ದವಳು ಮಂಜು ಕವಿಯಿತೆಂದು ಬೇಗ ಇಳಿದೆ. ಗೌರಿ ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದಳು. ‘ಅಕ್ಕ, ಮಾಮಿ ಇಲ್ಲೆ’ ಎಂದಳು, ಅತ್ತೆ ಇಲ್ಲ ಎಂದು. ಫ್ಯಾಕ್ಟರಿಗೆ ಚಹಾ ಲೀಫ್ ಹಾಕಿ ಬರುವಷ್ಟರಲ್ಲಿ ಅತ್ತೆ ಎಲ್ಲಿಗೋ ಎದ್ದು ಹೋಗಿದ್ದರು. ಊರಿನ ಗಂಡಸರು ಎಮರಾಲ್ಡ್ ರಸ್ತೆ ಹಿಡಿದು ಜಲಾಶಯದ ಕಡೆಗೆ ಆಗಲೇ ಓಡಿದ್ದರು. ನೀರು ಎಂಬ ಮಾತನ್ನು ಯಾರೂ ಆಡಲಿಲ್ಲ, ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು. ಕತ್ತಲಾದರೆ ನೀರೂ ಬೇಕಿರಲಿಲ್ಲ, ಚಳಿಯೇ ಸಾಕು.

ಗೌರಿ ಊರಿನ ಮನೆಗಳನ್ನು ನೋಡಲು ಮೇಲಕ್ಕೆ ಹೋದಳು. ನಾನು ತೋಟದ ಅಂಚಿನ ಕಾಲುದಾರಿಗೆ ಬಂದೆ. ಮಾರುದೂರ ಕಾಣದಷ್ಟು ಮಂಜು. ಆಗ ಒಂದು ಹೆಂಗಸಿನ ದನಿ, ಅವಸರವಿಲ್ಲದೆ, ಊಟಕ್ಕೆ ಕರೆದಂತೆ ಹೇಳಿತು: ‘ಹಟ್ಟಿಗೆ ಬಾ.’

ನಾನು ಯೋಚಿಸಲಿಲ್ಲ. ಹುಟ್ಟಿದ ಮನೆಯ ಮಾತು ಕಾಲಿಗೇ ತಿಳಿಯುತ್ತದೆ ಎಂದು ಕಾಣುತ್ತದೆ. ಕಾಲು ಸೀದಾ ಕೆಳಗೆ, ಗೌರಿಯ ಹಳೆಯ ಕೊಟ್ಟಿಗೆಯ ಕಡೆಗೆ ತಿರುಗಿತು. ತೋಟವಾದ ಮೇಲೆ ಎಮ್ಮೆಗಳನ್ನು ಮಾರಿ ಎಷ್ಟೋ ವರ್ಷ ಆಗಿತ್ತು. ದಾರಿಯೆಲ್ಲ ಪೊದೆ ಬೆಳೆದು ಅತ್ತ ಯಾರೂ ಹೋಗುತ್ತಿರಲಿಲ್ಲ. ಸೀರೆ ಹರಿದುಕೊಂಡು ನುಗ್ಗಿ ನೋಡಿದರೆ ಅಜ್ಜಿ ಗೋದಲಿಯ ಪಕ್ಕದಲ್ಲಿ ಬಿದ್ದಿದ್ದರು. ಕಾಲು ಉಳುಕಿತ್ತು, ತುಟಿ ನೀಲಿಯಾಗಿತ್ತು, ದನಿ ಹೊರಡುತ್ತಿರಲಿಲ್ಲ. ಕಣ್ಣು ಮಾತ್ರ ನನ್ನನ್ನು ನೋಡಿತು. ಅವರನ್ನು ತಬ್ಬಿಕೊಂಡು ನಾನು ಕೂಗಿದ ಕೂಗಿಗೆ ಊರೇ ಬಂತು.

ಬೆಂಕಿಯ ಮುಂದೆ ಕೂರಿಸಿ, ಬಿಸಿ ಹಾಲು ಕುಡಿಸಿದ ಮೇಲೆ ಅಜ್ಜಿಯ ಮೈ ಬೆಚ್ಚಗಾಯಿತು. ಆಗ ಎಲ್ಲರೂ ನನ್ನನ್ನು ಕೇಳಿದರು, ಅಲ್ಲಿಗೆ ಹೋಗಲು ನಿನಗೆ ಹೇಳಿದ್ದು ಯಾರು? ಗೌರಿ ಕೂಗಿರಲಿಲ್ಲ. ಅಕ್ಕಪಕ್ಕದ ಹೆಂಗಸರನ್ನೂ ಕೇಳಿದ್ದಾಯಿತು, ಯಾರೂ ಕೂಗಿರಲಿಲ್ಲ. ಅಜ್ಜಿಯಂತೂ ಪಿಸುಗುಡುವ ಸ್ಥಿತಿಯಲ್ಲೂ ಇರಲಿಲ್ಲ.

ಹೋಗಲಿ, ಯಾರೋ ಊರವರು ಯಾರನ್ನೋ ವಾಪಸು ಕರೆದಿರಬಹುದು, ನಾನು ನನ್ನ ಊರಿನ ಅರ್ಥದಲ್ಲಿ ತಪ್ಪು ತಿಳಿದು ಕೊಟ್ಟಿಗೆಗೆ ಹೋಗಿರಬಹುದು. ಹಾಗಾದರೆ ಅವರು ‘ಹಟ್ಟಿಗ’ ಎನ್ನಬೇಕಿತ್ತು. ಅಲ್ಲಿಯವರ ಬಾಯಲ್ಲಿ ಬರುವುದು ಹಾಗೆ. ನಾನು ಕೇಳಿದ್ದು ‘ಹಟ್ಟಿಗೆ’ಯೇ? ಬಿಟ್ಟ ಎತ್ವವನ್ನು ಹುಡುಕಿಯೇ ಹೊಟ್ಟೆ ಹೊರೆದವಳು ನಾನು, ಅದೊಂದು ಎತ್ವದ ಬಗ್ಗೆ ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ಆಣೆಯಿಟ್ಟು ಹೇಳಲಾರೆ. ಊರಿಗೆ ಫೋನು ಮಾಡಿ ಅಮ್ಮನಿಗೂ ಹೇಳಿದೆ. ‘ನಾ ಎಂತಕ್ಕೆ ಅಲ್ಲಿಗ್ ಬಂದ್ ಕೂಗುದ್ ಮಾರಾಯ್ತಿ’ ಎಂದು ನಕ್ಕರು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಜ್ಜಿ ಚೇತರಿಸಿಕೊಂಡು ಮಾತಾಡತೊಡಗಿದಾಗ, ಅಲ್ಲಿಗೆ ಯಾಕೆ ಹೋಗಿದ್ದಿರಿ ಎಂದು ಗೌರಿ ಕೇಳಿದಳು. ಅಜ್ಜಿ ನನ್ನ ಕಡೆ ಬೆರಳು ತೋರಿಸಿದರು. ‘ನೀ ಕೂಗಿದೆ, ನಾ ಬಂದೆ. ನೀನೇ ತಡ.’

ನಾನು ಹಟ್ಟಿಗೆ ಬಾ ಎಂದು ಕರೆದೆನಂತೆ. ಬೇರೆಯವರು ಕರೆದಿದ್ದರೆ ಊರಿನೊಳಕ್ಕೇ ಹೋಗುತ್ತಿದ್ದರಂತೆ. ಕರೆದವಳು ನಾನಾದ್ದರಿಂದ ಎಮ್ಮೆಯ ಮನೆ ಇರಬೇಕೆಂದುಕೊಂಡು ಅಲ್ಲಿಗೆ ಇಳಿದರಂತೆ. ನಾನಾಗ ಗುಡ್ಡದ ಮೇಲಿದ್ದೆ, ಬಾಯೇ ಬಿಟ್ಟಿರಲಿಲ್ಲ. ಮರೆವಿನವರ ಮಾತು ಎಂದು ಗೌರಿ ಸುಮ್ಮನಾದಳು. ನಾನೂ ಸುಮ್ಮನಾಗಬಹುದಿತ್ತು, ಅದೇ ಮಾತು ನನ್ನ ಕಿವಿಗೂ ಬೀಳದೇ ಇದ್ದಿದ್ದರೆ.

ನಾನು ಇತ್ತಲಾರ್ ಬಿಡುವವರೆಗೂ ಅಜ್ಜಿ ಚೆನ್ನಾಗಿದ್ದರು. ಹೊರಡುವ ದಿನ ಕೈ ಹಿಡಿದುಕೊಂಡು, ನೀನೇ ಅಲ್ಲವೇ ಕೂಗಿದ್ದು ಎಂದು ಮತ್ತೆ ಕೇಳಿದರು. ಅದುವರೆಗೂ ಅಲ್ಲ ಎನ್ನುತ್ತಿದ್ದವಳು ಅಂದು, ಹೌದಜ್ಜಿ, ನಾನೇ ಎಂದೆ. ಅವರ ಸಮಾಧಾನಕ್ಕೆ ಹೇಳಿದ ಮಾತು ಅದು. ಆದರೆ ಅದು ಸುಳ್ಳು ಎಂದು ಇವತ್ತಿಗೂ ಧೈರ್ಯವಾಗಿ ಹೇಳಲಾರೆ.