ಉಳಿದಿದ್ದ ಅರ್ಧ ಇಂಚು

ನಮ್ಮಪ್ಪ ದರ್ಜಿ. ಬೀದಿಯ ಅರ್ಧ ಜನರ ಸೊಂಟದ ಸುತ್ತಳತೆ ಅವನಿಗೆ ಬಾಯಿಪಾಠ. ಅಳತೆ ಕೊಡಲು ನಿಂತವರು ಹೊಟ್ಟೆ ಒಳಗೆಳೆದುಕೊಂಡರೆ ಟೇಪು ಹಿಡಿದು ಸುಮ್ಮನೆ ಕಾಯುತ್ತಾನೆ. "ಉಸಿರು ಬಿಡಿ, ನನ್ನ ಹತ್ರ ಎಂಥಾ ನಾಚಿಕೆ," ಎನ್ನುತ್ತಾನೆ. ಅವರೂ ಎಷ್ಟು ಹೊತ್ತು ಹಿಡಿದಾರು? ಉಸಿರು ಬಿಡುತ್ತಾರೆ, ಹೊಟ್ಟೆ ತನ್ನ ಜಾಗಕ್ಕೆ ಬರುತ್ತದೆ, ಅಪ್ಪ ಪುಸ್ತಕದಲ್ಲಿ ಅಳತೆ ಬರೆದುಕೊಳ್ಳುತ್ತಾನೆ. ಕೆಲಸದಲ್ಲಿ ಇಷ್ಟು ನೇರವಾದ ಮನುಷ್ಯ ತನ್ನ ಹೊಟ್ಟೆಯ ವಿಷಯದಲ್ಲಿ ಮಾತ್ರ ಮಹಾಕಳ್ಳ. ಅದೇ ಅಂಗಡಿಯಲ್ಲಿ ಕಾಜಾ, ಗುಂಡಿ ಹಾಕುವ ನಾನು ಆ ಕಳ್ಳತನದಲ್ಲಿ ಪಾಲುದಾರಳು. ಈಗ ಹೇಳಿಬಿಟ್ಟರೆ ಮನಸ್ಸು ಹಗುರ.

ಅಪ್ಪ ಜೀವ ಬಿಡುವುದು ಅಮ್ಮ ಮಾಡುವ ಬೆಣ್ಣೆ ಆಲೂಗಡ್ಡೆಗೆ. ಕಬ್ಬಿಣದ ಬಾಣಲೆಯಲ್ಲಿ ಧಾರಾಳವಾಗಿ ಬೆಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಆಲೂಗಡ್ಡೆ, ಮೇಲೆ ಕೆನೆ. ಅಮ್ಮ ಅಂಚೆ ಕಚೇರಿಯಿಂದ ಬಂದು ಕೋಟು ಕಳಚುವ ಮೊದಲೇ ಅಪ್ಪ ಈರುಳ್ಳಿ ಹೆಚ್ಚಿಟ್ಟಿರುತ್ತಿದ್ದ. ಬಾಣಲೆಯ ತಳಕ್ಕೆ ಹಿಡಿದ ಗರಿಗರಿ ಕೆಂಪು ಪದರ ಮಾತ್ರ ಅಮ್ಮನ ಪಾಲು. ಅದನ್ನು ಅವಳು ಒಲೆಯ ಪಕ್ಕ ನಿಂತೇ ಕೆರೆದು ತಿನ್ನುತ್ತಿದ್ದಳು, ಕಣ್ಣು ಮುಚ್ಚಿಕೊಂಡು.

ಒಂದು ದಿನ ಡಾಕ್ಟರು ಅಪ್ಪನ ರಕ್ತ ಪರೀಕ್ಷೆಯ ಚೀಟಿ ನೋಡಿ, ಹೃದಯಕ್ಕೆ ಒಳ್ಳೇದಲ್ಲ, ಮೂರು ತಿಂಗಳಲ್ಲಿ ಸೊಂಟ ನಾಲ್ಕು ಇಂಚು ಇಳಿಯಲೇಬೇಕು ಎಂದರು. ಅಪ್ಪನ ಅಪ್ಪ, ನನ್ನ ತಾತ, ಇದೇ ಅಂಗಡಿಯಲ್ಲಿ, ಇದೇ ಮಿಷನ್ನಿನ ಮುಂದೆ ಕೂತಲ್ಲೇ ಹೋದವರು, ಐವತ್ತೆರಡನೇ ವಯಸ್ಸಿಗೆ. ಅಪ್ಪನಿಗೆ ಐವತ್ತೊಂದು ತುಂಬಿತ್ತು. ಅವತ್ತೇ ಅಮ್ಮ ಬಾಣಲೆಯನ್ನು ಅಟ್ಟಕ್ಕೇರಿಸಿದಳು. ಬಾರ್ಲಿ ಗಂಜಿ, ಬೇಯಿಸಿದ ಕೋಸು, ಉಪ್ಪಿದೆಯೋ ಇಲ್ಲವೋ ಎನ್ನುವ ಬೇಳೆ ನೀರು ಶುರುವಾದವು.

ಅಪ್ಪ ಒಂದು ವಾರ ಬಾಯಿ ಕಟ್ಟಿದ. ಎಂಟನೇ ದಿನ ಎದುರಿನ ಬೇಕರಿಯಿಂದ ಬೆಣ್ಣೆ ಸವರಿದ ಬನ್ನು ಬಂತು. ನನಗೂ ಅರ್ಧ ಕೊಟ್ಟ, ನಾನು ತಿಂದೆ, ಅಲ್ಲಿಗೆ ನನ್ನ ಬಾಯಿಗೆ ಬೀಗ ಬಿತ್ತು. ಆಮೇಲೆ ಅದು ದಿನದ ಮಾತಾಯಿತು. ಆದರೆ ಮನೆಯಲ್ಲಿ ಅಮ್ಮ ಕಾಯುತ್ತಿದ್ದಾಳಲ್ಲ, ಪ್ಯಾಂಟು ಸಡಿಲವಾಯಿತಾ ಎಂದು? ಅಪ್ಪ ಒಂದು ಉಪಾಯ ಮಾಡಿದ. ಪ್ಯಾಂಟಿನ ಹಿಂದಿನ ಹೊಲಿಗೆಯ ಒಳಗೆ ಯಾವಾಗಲೂ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ. ಆ ಹೊಲಿಗೆ ಬಿಚ್ಚಿ, ಒಳಗಿನ ಬಟ್ಟೆಯಲ್ಲಿ ಅರ್ಧ ಇಂಚು ಹೊರಗೆ ಬಿಟ್ಟು, ಮತ್ತೆ ಹೊಲಿದ. ಮನೆಗೆ ಹೋಗಿ ಅಮ್ಮನ ಮುಂದೆ ನಿಂತು ಸೊಂಟಪಟ್ಟಿಯೊಳಗೆ ಎರಡು ಬೆರಳು ತೂರಿಸಿ ತೋರಿಸಿದ. ಅಮ್ಮ ಒಳ್ಳೇದು ಎಂದು ಇನ್ನೊಂದು ಸೌಟು ಗಂಜಿ ಬಡಿಸಿದಳು. ಎರಡು ತಿಂಗಳಲ್ಲಿ ಮೂರು ಸಲ ಹೊಲಿಗೆ ಬಿಚ್ಚಿದ್ದಾಯಿತು. ಪ್ಯಾಂಟು ಬೆಳೆಯುತ್ತಿತ್ತು, ಅಪ್ಪ ಇಳಿಯುತ್ತಿದ್ದಾನೆಂದು ಹೆಸರಾಯಿತು.

ಒಂದು ಶನಿವಾರ ಮಧ್ಯಾಹ್ನ ಅಮ್ಮ ಕೆಲಸ ಮುಗಿಸಿ ನೇರ ಅಂಗಡಿಗೆ ಬಂದಳು. ಕಚೇರಿ ಕೋಟು ಗೂಟಕ್ಕೆ ತಗಲು ಹಾಕಿದ ಹಾಗೆ ಜೋಲುತ್ತಿದೆ, ಸ್ವಲ್ಪ ಹಿಡಿದುಕೊಡಿ ಎಂದಳು. ಅಪ್ಪ ನಾಲ್ಕು ಪಿನ್ನು ಬಾಯಲ್ಲಿಟ್ಟುಕೊಂಡು ಟೇಪು ಸುತ್ತಿದ. ಮತ್ತೆ ಸುತ್ತಿದ. ಪುಸ್ತಕ ತೆಗೆದು ಅವಳ ಹಳೆಯ ಅಳತೆ ನೋಡಿದ. ಮೂವತ್ತೆಂಟು ಇದ್ದದ್ದು ಮೂವತ್ತನಾಲ್ಕು. ಡಾಕ್ಟರು ಅಪ್ಪನಿಗೆ ಹೇಳಿದ ನಾಲ್ಕು ಇಂಚು ಅಮ್ಮ ಇಳಿಸಿದ್ದಳು.

"ನಿನಗೆ ಯಾರು ಪಥ್ಯ ಹೇಳಿದ್ರು?" ಎಂದ, ಪಿನ್ನುಗಳ ನಡುವಿನಿಂದಲೇ.

"ನಿಮ್ಮನ್ನ ಗಂಜಿ ಮುಂದೆ ಕೂರಿಸಿ ನಾನು ಬೆಣ್ಣೆ ತಿನ್ಲಾ? ಗಂಟಲಲ್ಲಿ ಇಳಿಯುತ್ತಾ?"

ನಾನು ಗುಂಡಿಯ ಡಬ್ಬಿಯೊಳಗೆ ಮುಖ ಹುದುಗಿಸಿ ಕೂತೆ. ಬೆಳಗ್ಗೆ ತಿಂದ ಬನ್ನು ನನ್ನ ಹೊಟ್ಟೆಯಲ್ಲೇ ಇತ್ತು. ಅಪ್ಪ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಅಮ್ಮನಿಗೆ ಬೆನ್ನು ಹಾಕಿ ನಿಂತು ಅಂಗಿ ಮೇಲೆತ್ತಿದ. ಮಾಸಿದ ಪ್ಯಾಂಟಿನ ನಡುವೆ, ಬಿಸಿಲು ಕಾಣದ ಬಟ್ಟೆಯ ಕಪ್ಪು ಪಟ್ಟಿ, ಅದರ ಎರಡೂ ಬದಿಗೆ ಹಳೆಯ ಹೊಲಿಗೆಯ ತೂತುಗಳು. ಇಷ್ಟು ದಿನ ಅಂಗಿಯನ್ನು ಹೊರಗೆ ಬಿಟ್ಟು ಅದನ್ನೇ ಮುಚ್ಚಿದ್ದ.

"ನೋಡು. ನಾನು ಇಳಿದಿಲ್ಲ," ಎಂದ.

ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಗೊತ್ತು. ಆ ಪ್ಯಾಂಟನ್ನ ವಾರಾ ವಾರಾ ಇಸ್ತ್ರಿ ಮಾಡೋದು ಯಾರು?"

ನನಗೆ ನಗು ಬಂತು. ಮೂವತ್ತು ವರ್ಷದ ದರ್ಜಿ, ನೂಲು ಬಣ್ಣಕ್ಕೆ ಬಣ್ಣ ಹೊಂದಿಸಿದ್ದ, ಹೊಲಿಗೆ ನೇರ ಹಾಕಿದ್ದ, ಇಸ್ತ್ರಿ ಮಾಡುವವಳನ್ನು ಮರೆತಿದ್ದ. ಅಮ್ಮನ ಮುಖ ನೋಡಿ ನಗು ನುಂಗಿಕೊಂಡೆ.

"ಒಳಗೆ ಇನ್ನೂ ಅರ್ಧ ಇಂಚು ಉಳಿದಿದೆ," ಎಂದಳು ಅಮ್ಮ. "ಅದೂ ಮುಗಿದ್ಮೇಲೆ ನೀವೇ ಬಂದು ಹೇಳ್ತೀರ ಅಂತ ಕಾಯ್ತಿದ್ದೆ. ಅಷ್ಟರೊಳಗೆ ನಿಮಗೇನಾದ್ರೂ ಆದ್ರೆ ಅಂತ ದಿನಾ ಹೆದರ್ಕೊಂಡೂ ಇದ್ದೆ."

ಅಪ್ಪ ಅಳುವುದನ್ನು ನಾನು ಅವತ್ತೇ ನೋಡಿದ್ದು. ನಾನೂ ಅತ್ತೆ, ಬನ್ನಿನ ವಿಷಯವನ್ನೂ ಕಕ್ಕಿದೆ. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅವತ್ತು ಬಾಗಿಲು ಹಾಕುವ ಮೊದಲೇ ರಾಜಿಯಾಯಿತು. ಕದ್ದು ತಿನ್ನುವುದಿಲ್ಲ, ಕೊರಗಿಕೊಂಡು ಗಂಜಿ ಕುಡಿಯುವುದೂ ಇಲ್ಲ. ವಾರದಲ್ಲಿ ಆರು ದಿನ ಕೋಸು, ಬೇಳೆ, ಸಂಜೆ ಇಬ್ಬರೂ ಅಂಚೆ ಕಚೇರಿಯವರೆಗೆ ನಡೆದು ಬರುವುದು. ಭಾನುವಾರ ಬಾಣಲೆ ಇಳಿಯುತ್ತದೆ, ಎಣಿಸಿ ಮೂರು ಚಮಚ ಬೆಣ್ಣೆ, ಕೆನೆ ಇಲ್ಲ. ಕೆನೆಗಾಗಿ ಅಪ್ಪ ತುಂಬಾ ಚೌಕಾಸಿ ಮಾಡಿ ಸೋತ. ಇನ್ನೊಂದು ಷರತ್ತು ಅಮ್ಮನದು. ಬಾಣಲೆ ಒಲೆಗೇರುವ ಮೊದಲು ಟೇಪು ಅವಳ ಕೈಗೆ ಬರಬೇಕು.

ಮೂರು ತಿಂಗಳಿಗೆ ಇಳಿದದ್ದು ಒಂದೇ ಇಂಚು. ಡಾಕ್ಟರು ಮುಖ ಗಂಟಿಕ್ಕಿದರು, ಗಡುವು ಮುಂದೆ ಹಾಕಿದರು. ಅಪ್ಪ ಮನೆಗೆ ಬಂದು ಪ್ಯಾಂಟಿನ ಹೊಲಿಗೆಯನ್ನು ಒಂದು ಇಂಚು ಒಳಕ್ಕೆ ಹಿಡಿದ. ಮಿಕ್ಕ ಕಪ್ಪು ಪಟ್ಟಿ ಇನ್ನೂ ಹೊರಗೇ ಇದೆ. ಈಗ ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡೇ ಓಡಾಡುತ್ತಾನೆ.

ಕಳೆದ ಭಾನುವಾರ ಅಪ್ಪನಿಗೆ ಐವತ್ತಮೂರು ತುಂಬಿತು. ತಾತ ಕಾಣದ ವಯಸ್ಸು. ಈರುಳ್ಳಿ ಹೆಚ್ಚಿಟ್ಟು ಅಪ್ಪ ಅಡುಗೆಮನೆಯ ನಡುವೆ ಕೈ ಮೇಲೆತ್ತಿ ನಿಂತ. ಅಮ್ಮ ಟೇಪು ಸುತ್ತಿ ತುಂಬಾ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಅಳತೆ ನೋಡುತ್ತಿದ್ದಂತೆ ನನಗೆ ಕಾಣಲಿಲ್ಲ.

"ಉಸಿರು ಬಿಡಿ," ಎಂದಳು.

ಅಪ್ಪ ಬಿಟ್ಟ.