ನಿಯಮದಮ್ಮ ಕಿವಿ ಕೊಟ್ಟದ್ದು

ವಲಸೆ ಮಕ್ಕಳ ರಕ್ಷಣಾ ಕಚೇರಿಯಲ್ಲಿ ಅವಳಿಗೆ ನಿಯಮದಮ್ಮ ಎಂದೇ ಹೆಸರು. ಬೆನ್ನ ಹಿಂದೆ ಇಟ್ಟ ಹೆಸರು ಕಿವಿಗೆ ಬಿದ್ದಾಗ ಸಿಟ್ಟಾಗುವ ಬದಲು ಒಳಗೊಳಗೇ ಹಿಗ್ಗಿದ್ದಳು. ಇದ್ದ ಬುದ್ಧಿ ಅಷ್ಟೇ. ಮನೆಯಲ್ಲಿ ಗಂಡ, "ಹಾಲು ಕಾಯಿಸೋಕೂ ಸುತ್ತೋಲೆ ಬೇಕೇನೇ?" ಎಂದು ಕೇಳುತ್ತಿದ್ದ. ಸುತ್ತೋಲೆ ಇದ್ದರೂ ಅವಳ ಕೈಯಲ್ಲಿ ಹಾಲು ಉಕ್ಕುವುದೇ.

ಕೆಲಸ ಹುಡುಕಿಕೊಂಡು ಬಂದವರ ಮಕ್ಕಳು ದಿಕ್ಕಿಲ್ಲದೆ ನಿಂತರೆ ಹುಡುಗಿಯರು ಒಂದು ನಿಲಯಕ್ಕೆ, ಕೂಸುಗಳು ಊರಾಚೆಯ ಇನ್ನೊಂದಕ್ಕೆ ಎಂಬ ನಿಯಮವೂ ಅವಳದೇ. ಇವರಿಗೆ ಶಾಲೆ, ಅವಕ್ಕೆ ದಾದಿ. ಮೇಲಧಿಕಾರಿ ಬೆನ್ನು ತಟ್ಟಿದ್ದರು.

ಆ ದಿನ ಕೂಲಿ ಹೆಂಗಸೊಬ್ಬಳು ಕಟ್ಟಡದ ಸಾರುವೆಯಿಂದ ಬಿದ್ದು ಆಸ್ಪತ್ರೆ ಸೇರಿದಳು. ಗಂಡ ದೂರದಲ್ಲೆಲ್ಲೋ ದುಡಿಯಲು ಹೋದವನು. ಮೇಸ್ತ್ರಿ ಅವಳ ಮಕ್ಕಳಿಬ್ಬರನ್ನೂ ಕಚೇರಿಗೆ ತಂದುಬಿಟ್ಟ. ಎಂಟು ವರ್ಷದ ಹುಡುಗಿ, ಅವಳ ಕಂಕುಳಲ್ಲಿ ತಮ್ಮ. ನಿಯಮದ ಪ್ರಕಾರ ಬಾಗಿಲಿಗೆ ಎರಡು ವಾಹನ ಬಂದು ನಿಂತವು.

"ತಮ್ಮನ್ನ ಕೊಡು ಪುಟ್ಟಾ. ಅಲ್ಲಿ ಚೆನ್ನಾಗಿ ನೋಡ್ಕೋತಾರೆ."

"ಕೊಡಲ್ಲ. ಅವನು ನನ್ನ ಕಿವಿ ಹಿಡ್ಕೊಂಡೇ ಮಲಗೋದು."

ಕಿವಿಯ ವಿಷಯ ನಿಯಮದಲ್ಲಿರಲಿಲ್ಲ. ನಿಯಮದಮ್ಮ ತರಬೇತಿಯಲ್ಲಿ ಕಲಿತ ನಗುವನ್ನು ಮುಖಕ್ಕೆ ತಂದುಕೊಂಡು ಕೈ ಚಾಚಿದಳು. ಕೂಸು ಸೂರು ಹಾರುವಂತೆ ಕಿರುಚಿತು. ಹುಡುಗಿ ಬೀರುವಿನ ಸಂದಿಗೆ ಸರಿದು ತಮ್ಮನನ್ನು ಅವುಚಿಕೊಂಡಳು. ಕೂಸಿಗೆ ಬೇಕಾದ ದಾದಿ ಅಲ್ಲೇ ಇದ್ದಳು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಎಂಬ ಗಾದೆಯನ್ನು ತನ್ನಂಥವಳನ್ನು ನೋಡಿಯೇ ಕಟ್ಟಿರಬೇಕು ಅನ್ನಿಸಿತು ನಿಯಮದಮ್ಮನಿಗೆ. ಫೋನೆತ್ತಿ, ಇಬ್ಬರನ್ನೂ ಒಟ್ಟಿಗೇ ಇಡಬೇಕು ಎಂದಳು.

"ಬೇರೆ ಬೇರೆ ಇಡಬೇಕು ಅಂತ ಬರೆದೋರು ಯಾರಮ್ಮ?" ಎಂದರು ಮೇಲಧಿಕಾರಿ.

"ನಾನೇ ಸಾರ್. ನನ್ನ ಮಾತು ಯಾಕೆ ಕೇಳಿದ್ರಿ?"

"ಅವರಮ್ಮ ಹುಷಾರಾಗೋವರೆಗೂ ಹುಡುಗೀರ ನಿಲಯದಲ್ಲೇ ಇಬ್ಬರೂ ಇರಲಿ. ಹೆಚ್ಚುಕಮ್ಮಿ ಆದ್ರೆ ನಿಮ್ಮ ತಲೆಗೇ," ಎಂದರು ಅವರು.

ಒಂದು ವಾಹನ ಖಾಲಿ ಹಿಂತಿರುಗಿತು. ಇನ್ನೊಂದರಲ್ಲಿ ಮಕ್ಕಳ ಜೊತೆ ತಾನೂ ಹೋದಳು.

ನಿಲಯದ ಅಂಗಳದಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಹುಡುಗಿ ತಮ್ಮನನ್ನು ಹೊತ್ತು ನೋಡುತ್ತಲೇ ನಿಂತಳು. ಆಮೇಲೆ ನಿಯಮದಮ್ಮನ ಹತ್ತಿರ ಬಂದಳು.

"ಸ್ವಲ್ಪ ಹಿಡ್ಕೊಳ್ಳಿ. ಕಿವಿ ಕೊಡಿ, ಅಳಲ್ಲ."

ನಿಯಮದಮ್ಮ ಓಲೆ ಬಿಚ್ಚಿಟ್ಟು ಕೂಸನ್ನು ಎತ್ತಿಕೊಂಡಳು. ಅದು ಕಿವಿ ಹಿಂಡಿದ ರಭಸಕ್ಕೆ ಕಣ್ಣಲ್ಲಿ ನೀರು ಬಂತು. ಹುಡುಗಿ ಒಮ್ಮೆ ತಿರುಗಿ ನೋಡಿ, ಬರಿಗೈ ಬೀಸಿಕೊಂಡು ಆಡಲು ಓಡಿದಳು.