ಹತ್ತಿ ಕೋಣೆಯ ಸೈರನ್

ಆಗಬೇಕಾದದ್ದು ಕೆಲವರಿಗೆ ಮೊದಲೇ ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮಾತು ಬದಲಾಯಿಸುತ್ತಿದ್ದೆ. ನನ್ನ ತಾಯಿಗೆ ಹಲ್ಲಿ ಲೊಚಗುಟ್ಟಿದರೂ ಒಂದು ಅರ್ಥವಿತ್ತು. ನನಗೆ ಅದು ಬರೀ ಹಲ್ಲಿ. ಕಟ್ಟಡಗಳನ್ನು ಪರಿಶೀಲಿಸಿ ವರದಿ ಬರೆಯುವುದು ನನ್ನ ಸರ್ಕಾರಿ ನೌಕರಿಯಾಗಿತ್ತು. ಕಂಡದ್ದನ್ನು ಬರೆ, ಕಾಣದ್ದನ್ನು ಬರೆಯಬೇಡ ಎಂಬುದು ಆ ಕೆಲಸದ ಮೊದಲ ಪಾಠ. ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಆ ಮಧ್ಯಾಹ್ನದವರೆಗೆ ನಾನೂ ನಂಬುತ್ತಿರಲಿಲ್ಲ.

ಹಿರೀಸಾವೆಯಿಂದ ಸ್ವಲ್ಪ ದೂರದ ಒಂದು ಪೇಟೆ. ಹೆಸರು ಬೇಡ. ಬಸ್ ನಿಲ್ದಾಣದ ಹಿಂದೆ ಒಂದು ಎರಡಂತಸ್ತಿನ ಕಟ್ಟಡವಿತ್ತು. ಕೆಳಗೆ ಅಂಗಡಿಗಳು, ಮೇಲೆ ರುದ್ರಪ್ಪ ಎಂಬವರ ಹಾಸಿಗೆ ತಯಾರಿಸುವ ಕಾರ್ಖಾನೆ. ಕಾರ್ಖಾನೆ ಅನ್ನುವುದು ದೊಡ್ಡ ಮಾತು. ಹತ್ತು ಹನ್ನೆರಡು ಹೆಂಗಸರು ಕೂತು ಹೊಲಿಯುತ್ತಿದ್ದರು. ಮುಂದಿನ ಹಜಾರದಲ್ಲಿ ಹೊಲಿಗೆ, ಹಿಂದಿನ ಕೋಣೆಯಲ್ಲಿ ಹತ್ತಿ, ನಾರು, ಫೋಮು. ಸಾಲ ಕೊಟ್ಟ ಬ್ಯಾಂಕಿನವರು ಹೇಳಿದರೆಂದು ರುದ್ರಪ್ಪನವರು ಹೊಗೆ ಕಂಡರೆ ಕೂಗುವ ಸೈರನ್ ಹಾಕಿಸಿದ್ದರು. ಹತ್ತಿ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವಳು ಕೆಂಪಮ್ಮ. ವಯಸ್ಸು ಐವತ್ತರ ಹತ್ತಿರ, ನುಗ್ಗೇಹಳ್ಳಿ ಕಡೆಯಿಂದ ದಿನವೂ ಬಸ್ಸಿಗೆ ಬರುತ್ತಿದ್ದಳು.

ಆ ವರ್ಷ ಪೇಟೆಯಲ್ಲಿ ಸೈರನ್‌ಗಳ ಕಾಟ ಹೆಚ್ಚಾಗಿತ್ತು. ಒಡವೆ ಅಂಗಡಿಯದು ಬೆಕ್ಕು ಓಡಾಡಿದರೆ ಕೂಗುತ್ತಿತ್ತು, ಎಟಿಎಂನದು ಕರೆಂಟು ಹೋಗಿ ಬಂದರೆ. ಜನ ತಲೆಯೆತ್ತಿ ನೋಡುವುದನ್ನೂ ಬಿಟ್ಟಿದ್ದರು. ಹಾಗಾಗಿ ನಮ್ಮ ಕಚೇರಿ ಒಂದು ನಿಯಮ ತಂದಿತು: ಒಂದೇ ತಿಂಗಳಲ್ಲಿ ಮೂರು ಸಲ ಸುಳ್ಳು ಸೈರನ್ ಆದರೆ, ದುರಸ್ತಿಯಾಗಿದೆ ಎಂಬ ಪತ್ರ ತರುವವರೆಗೆ ಅದಕ್ಕೆ ಸೀಲು. ಅದರ ಕರಡು ಬರೆದವನು ನಾನೇ. ಒಳ್ಳೆಯ ನಿಯಮ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅದೇ ನನ್ನ ಸಂಕಟ.

ರುದ್ರಪ್ಪನವರ ಸೈರನ್ ಮೊದಲ ಸಲ ಕೂಗಿದಾಗ ಚನ್ನರಾಯಪಟ್ಟಣದಿಂದ ಅಗ್ನಿಶಾಮಕ ವಾಹನ ಬಂತು. ಬೆಂಕಿಯಿಲ್ಲ, ಹೊಗೆಯಿಲ್ಲ. ವಾರ ಕಳೆದು ಮತ್ತೆ ಕೂಗಿತು. ವಾಹನ ಇಲ್ಲಿ ಸುಮ್ಮನೆ ನಿಂತಿದ್ದ ಹೊತ್ತಿಗೇ ಇನ್ನೊಂದು ಹಳ್ಳಿಯಲ್ಲಿ ಒಬ್ಬರ ನಾರಿನ ರಾಶಿ ಪೂರ್ತಿ ಉರಿದುಹೋಯಿತು. ಕಾರ್ಖಾನೆಯ ಪಕ್ಕದ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದ ಮುದುಕರೊಬ್ಬರು ಸೈರನ್ ಸದ್ದಿಗೆ ಗಾಬರಿಯಿಂದ ಎದ್ದು ಬಿದ್ದು ಸೊಂಟ ಮುರಿದುಕೊಂಡರು. ಅಲ್ಲಿನ ಡಾಕ್ಟರು ಲಿಖಿತ ದೂರು ಕೊಟ್ಟರು. ಎರಡು ಸಲವೂ ಸೈರನ್ ಆದದ್ದು ಮಧ್ಯಾಹ್ನ ಮೂರೂಕಾಲಿಗೆ. ಎರಡು ಸಲವೂ ಹೊಗೆ ಇಲ್ಲಿದೆ ಎಂದು ಸೈರನ್ ಯಂತ್ರ ತೋರಿಸಿದ್ದು ಹತ್ತಿ ಕೋಣೆಯನ್ನು.

ನಾನು ಪರಿಶೀಲನೆಗೆ ಹೋದೆ. ಹಾಸನದಿಂದ ಸಲೀಂ ಎಂಬ ಸೈರನ್ ಮೆಕ್ಯಾನಿಕ್ ಬಂದಿದ್ದ. ಕಿಟಕಿ, ಸ್ವಿಚ್ಚು, ತಂತಿ ಎಲ್ಲವನ್ನೂ ನೋಡಿ ಕೋಣೆಯ ನಡುವೆ ನಿಂತು ಬರೆದುಕೊಳ್ಳುತ್ತಿದ್ದೆ. ಆಗ ತಲೆಯ ಮೇಲೆ ಸೈರನ್ ಕೂಗಿತು. ಗಡಿಯಾರ ನೋಡಿದೆ, ಮೂರೂಕಾಲು.

ಮರುಕ್ಷಣ ನನಗೆ ವಾಸನೆ ಬಂತು. ಕೂದಲಿಗೆ ಬೆಂಕಿ ತಗುಲಿದಂಥ, ಗಂಟಲು ಕೆರೆಯುವ ವಾಸನೆ. ಕೆಮ್ಮು ಬಂತು, ಕಣ್ಣಲ್ಲಿ ನೀರಾಡಿತು. ಆದರೆ ಕೋಣೆ ನಿಚ್ಚಳವಾಗಿತ್ತು. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುವುದು ಕೂಡ ಕಾಣುತ್ತಿತ್ತು. ರುದ್ರಪ್ಪನವರು ಏನೂ ಆಗದವರಂತೆ ನಿಂತಿದ್ದರು. ಸಲೀಂ ಏಣಿ ಹತ್ತಿ ಸೈರನ್ ನಿಲ್ಲಿಸಿ, ಹೊಗೆ ಗುರುತಿಸುವ ಡಬ್ಬಿ ಬಿಚ್ಚಿದ. "ಒಳಗೆ ಧೂಳೂ ಇಲ್ಲ ಸಾರ್. ಯಾಕೆ ಕೂಗ್ತೈತೋ ಗೊತ್ತಾಗ್ತಿಲ್ಲ," ಎಂದ.

ಮೂಲೆಯಲ್ಲಿ ಹತ್ತಿ ಬಿಡಿಸುತ್ತಿದ್ದ ಕೆಂಪಮ್ಮ ಎದ್ದು ಬಂದಳು. "ಸುಟ್ಟ ವಾಸ್ನೆ ಬತ್ತಾದೆ ಸಾ. ಪ್ರತಿ ಸಲಾನೂ ಬತ್ತದೆ. ಇವತ್ತು ಜಾಸ್ತಿ."

"ಇವಳದ್ದು ಇದೇ ಆಯ್ತು ಸಾರ್," ಎಂದರು ರುದ್ರಪ್ಪ. "ಬೇರೆ ಯಾರಿಗೂ ಬರಲ್ಲ, ಇವಳೊಬ್ಬಳಿಗೆ."

ಕೆಂಪಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ನಿಮ್ಗೂ ಬಂತು ಅಲ್ವಾ ಸಾ? ಕಣ್ಣಲ್ಲಿ ನೀರು ಬತ್ತಾದೆ."

"ಹತ್ತಿ ಧೂಳು ಕಣಮ್ಮ," ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲದ ಬೆಂಕಿಯ ವಾಸನೆ ಬಂತು ಎಂದು ಸರ್ಕಾರಿ ಕಾಗದದ ಮೇಲೆ ಹೇಗೆ ಬರೆಯುವುದು? "ಹೊಗೆಯಾಗಲಿ, ಸುಟ್ಟ ವಾಸನೆಯಾಗಲಿ ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದೆ. ಆ ತಿಂಗಳಲ್ಲಿ ಇದು ಮೂರನೆಯ ಸಲ; ನಿಯಮದಂತೆ ಸಲೀಂ ಸೈರನ್ನಿನ ತಂತಿ ಬಿಡಿಸಿದ. ನಾನು ಅರಗು ಕರಗಿಸಿ ಸೀಲು ಒತ್ತಿದೆ. ಹೊಸ ಯಂತ್ರ ತರಿಸಿ ಹಾಕುವುದಕ್ಕೆ ಹದಿನೈದು ದಿನವಾಗುತ್ತದೆ ಎಂದು ಅವನು ಹೇಳಿದ. ಆಗಲಿ ಎಂದೆ.

ಮನೆಗೆ ಹೋಗಿ ಅಂಗಿ ಬಿಚ್ಚಿ ಹಾಕಿದೆ. ಒಗೆಯಲು ಎತ್ತಿಕೊಂಡ ನನ್ನ ಹೆಂಡತಿ ಅದನ್ನು ಮೂಗಿನಿಂದ ದೂರ ಹಿಡಿದು, "ಏನ್ ಸುಟ್ಟಾಕುದ್ರಿ ಇವತ್ತು? ಅಂಗಿಯೆಲ್ಲಾ ನಾರ್ತದೆ," ಎಂದಳು. ನಾನು ಅವಳಿಗೆ ಏನನ್ನೂ ಹೇಳಿರಲಿಲ್ಲ. ಓದುವವರು ಈ ಒಂದು ಸಂಗತಿಯನ್ನು ಗಮನಿಸಬೇಕು. ಎಲ್ಲವೂ ನನ್ನ ಭ್ರಮೆ ಎಂದು ಒಪ್ಪಿಕೊಳ್ಳಲು ನಾನು ತಯಾರಿದ್ದೇನೆ. ಇದೊಂದು ಒಪ್ಪಿಕೊಳ್ಳಲು ಬಿಡುವುದಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಮೂರೂಕಾಲು ದಾಟಿದ ಹೊತ್ತು, ಕಚೇರಿಯಲ್ಲಿ ಕೂತಿದ್ದೆ. ಹೊರಗೆ ಜನ ಓಡುವ ಸದ್ದು. ಬಾಗಿಲಿಗೆ ಬಂದರೆ ಬಸ್ ನಿಲ್ದಾಣದ ಹಿಂದೆ ಕಪ್ಪು ಹೊಗೆ. ಓಡಿದೆ. ಮೆಟ್ಟಿಲ ಬುಡ ತಲುಪುತ್ತಿದ್ದಂತೆ ಮೂಗಿಗೆ ಅದೇ ವಾಸನೆ ಬಡಿಯಿತು. ಅಂಥದೇ ಅಲ್ಲ, ಅದೇ. ನಾನು ರಸ್ತೆಯ ಮೇಲೇ ಕೂತುಬಿಟ್ಟೆ. ಯಾರೋ ನೀರು ತಂದುಕೊಟ್ಟರು.

ಹೊಲಿಗೆಯ ಹೆಂಗಸರೆಲ್ಲ ಇಳಿದು ಬಂದಿದ್ದರು. ಅವರಿಗೆ ತಿಳಿಯುವ ಹೊತ್ತಿಗೆ ಹತ್ತಿ ಕೋಣೆಯ ಬಾಗಿಲೇ ಉರಿಯುತ್ತಿತ್ತಂತೆ. ಸೈರನ್ ಕೂಗಲಿಲ್ಲ. ಕೂಗುವಂತಿರಲಿಲ್ಲ. ಅಗ್ನಿಶಾಮಕದವರು ಬಂದು ಗೋಡೆ ಒಡೆದು, ಒಳಗೆ ಸಿಕ್ಕಿಕೊಂಡಿದ್ದ ಕೆಂಪಮ್ಮನನ್ನು ಹೊರತಂದರು. ಹಾಸನದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು. ನಾನು ಹೋಗಿ ವಾರ್ಡಿನ ಹೊರಗೆ ನಿಂತು ಬಂದೆ; ಒಳಗೆ ಹೋಗಲು ಧೈರ್ಯವಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡಳು.

ವಿಚಾರಣೆ ನಡೆಯಿತು. ಸ್ವಿಚ್ ಬೋರ್ಡಿನ ಶಾರ್ಟ್ ಸರ್ಕ್ಯೂಟ್ ಎಂದಾಯಿತು. ಆ ಬೋರ್ಡು ಸುಸ್ಥಿತಿಯಲ್ಲಿತ್ತು ಎಂದು ನಾನೇ ಬರೆದಿದ್ದೆ. ಅದು ನಿಜವೂ ಆಗಿತ್ತು, ಸಲೀಂ ಕೂಡ ನೋಡಿದ್ದ. ನಾನು ನಿಯಮದಂತೆ ನಡೆದುಕೊಂಡಿದ್ದೇನೆ, ನನ್ನ ತಪ್ಪಿಲ್ಲ ಎಂದು ವಿಚಾರಣೆಯವರು ಬರೆದುಕೊಟ್ಟರು. ಬೈದು ಬರೆದಿದ್ದರೆ ಒಂದಿಷ್ಟು ಹಗುರವಾಗುತ್ತಿತ್ತೇನೋ.

ಹದಿನೈದು ದಿನ ಕಳೆದ ಮೇಲೆ ಕೆಂಪಮ್ಮನ ಮಗಳು ಪರಿಹಾರದ ಅರ್ಜಿಗೆ ನನ್ನ ವರದಿಯ ನಕಲು ಕೇಳಿಕೊಂಡು ಬಂದಳು. ಇಪ್ಪತ್ತೈದರ ಹೆಣ್ಣುಮಗಳು, ಅಳಲಿಲ್ಲ. ನಕಲನ್ನು ನಿಧಾನವಾಗಿ, ಬೆರಳಿಟ್ಟು ಓದಿದಳು. ಒಂದು ಸಾಲಿನ ಮೇಲೆ ಬೆರಳು ನಿಂತಿತು.

"ಸುಟ್ಟ ವಾಸ್ನೆ ಬತ್ತದೆ ಅಂತ ಅವ್ವ ದಿನಾ ಏಳೋಳು ಸಾ. ನಾವು ವಯಸ್ಸಾಯ್ತು ಅಂದ್ಕಂಡೊ. ಇಲ್ಲಿ ಯಾರ್ಗೂ ಬಂದಿರ್ನಿಲ್ವಾ?"

ಈಗಲಾದರೂ ಹೇಳು ಎಂದು ಮನಸ್ಸು ಹೇಳಿತು. ಎದುರಿನ ಮೇಜುಗಳವರು ತಲೆಯೆತ್ತಿ ಕೇಳಿಸಿಕೊಳ್ಳುತ್ತಿದ್ದರು. "ಇಲ್ಲಮ್ಮ," ಎಂದೆ.

ಅವಳು ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಅವ್ವಂಗೆ ಗೊತ್ತಾಗಿತ್ತು ಅಲ್ವಾ ಸಾ? ಗೊತ್ತಿದ್ರೂ ಯಾಕ್ ಓಗೋಳು ಕೆಲ್ಸಕ್ಕೆ?"

ಇನ್ನೂ ಹೊತ್ತದ ಬೆಂಕಿಯ ವಾಸನೆ ಒಂಬತ್ತು ದಿನ ಮೊದಲೇ ನನ್ನ ಮೂಗಿಗೆ ಬಂದದ್ದು ಹೇಗೆ ಎಂಬುದು ನನಗೆ ಇಂದಿಗೂ ತಿಳಿಯದು. ಯಾರನ್ನು ಕೇಳಲು ನನಗೆ ಧೈರ್ಯವಾಯಿತೋ ಅವರನ್ನೆಲ್ಲ ಕೇಳಿ ನೋಡಿದ್ದೇನೆ. ಆದರೆ ಆ ಹುಡುಗಿ ಅದನ್ನು ಕೇಳಲಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ನಮ್ಮ ಸುತ್ತಮುತ್ತಲಿನ ಯಾರನ್ನು ಕೇಳಿದರೂ ಸಿಗುತ್ತಿತ್ತು: ಒಂದು ದಿನ ಹೋಗದಿದ್ದರೆ ಆ ದಿನದ ಕೂಲಿಯಿಲ್ಲ. ಅದನ್ನೂ ನಾನು ಹೇಳಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಅವಳು ಹೊರಟುಹೋದಳು.